ಮುಕ್ಕಾಲು ಸುತ್ತು ಇಳಿಸಲು ಹೋದದ್ದು

ಅಕ್ಟೋಬರ್ ರಜೆಯ ಎರಡನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಚನ್ನಗಿರಿ ಬಸ್ ನಿಲ್ದಾಣ ತಲುಪಿದಾಗ ಶಾಂತಮ್ಮ ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲೊಂದು ಬಟ್ಟೆ ಚೀಲ. ಅದರೊಳಗೆ ಎರಡು ಸೀರೆ, ಒಂದು ಡಬ್ಬಿ ರೊಟ್ಟಿ, ಗಂಡ ಮನೆಯಲ್ಲೇ ಬಿಟ್ಟುಹೋಗಿದ್ದ ಇನ್‌ಹೇಲರ್. ನನ್ನ ಹೆಗಲ ಚೀಲದಲ್ಲಿ ಹದಿಮೂರು ನಂಬರಿನ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್, ಸೀಲು ಕಟ್ಟುವ ತಂತಿ. ಆಕೆಯ ಗಂಡ ಹನುಮಂತಪ್ಪ ಮಣ್ಣು ಅಗೆಯುವ ಯಂತ್ರದ ಆಪರೇಟರ್. ಆ ಯಂತ್ರ ಎಲ್ಲಿದೆಯೋ ಹುಡುಕಿ, ಅದರ ಹೊಗೆ ಇಳಿಸಿ, ಔಷಧಿ ಅವನ ಕೈಗೆ ಕೊಟ್ಟು ಬರುವುದಷ್ಟೇ ನಮ್ಮ ಪ್ರಯಾಣದ ಉದ್ದೇಶ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು.

ನಾನು ಡೀಸೆಲ್ ಪಂಪ್ ರಿಪೇರಿಯವನು. ಚನ್ನಗಿರಿಯಲ್ಲಿ ಮೂವತ್ತು ವರ್ಷದ ಅಂಗಡಿ. ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಪಂಪ್ ಮೇಸ್ತ್ರಿ ಅಂದರೆ ಸುತ್ತಲಿನ ತಾಲ್ಲೂಕುಗಳ ಡ್ರೈವರ್‌ಗಳೆಲ್ಲ ನನ್ನ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ಹಳೆಯ ಗಾಡಿಗಳಲ್ಲಿ ಪಂಪಿನ ಮೇಲಿರುವ ಒಂದು ಸಣ್ಣ ಸ್ಕ್ರೂ ತೀರ್ಮಾನಿಸುತ್ತದೆ. ಕಂಪನಿಯಲ್ಲಿ ಅದನ್ನು ಅಳತೆಗೆ ಕೂರಿಸಿ, ಯಾರೂ ಮುಟ್ಟಬಾರದೆಂದು ತಂತಿ ಕಟ್ಟಿ ಸೀಲು ಒತ್ತಿರುತ್ತಾರೆ. ನಾನು ಆ ತಂತಿ ಕತ್ತರಿಸಿ ಸ್ಕ್ರೂವನ್ನು ಮುಕ್ಕಾಲು ಸುತ್ತು ಏರಿಸುತ್ತಿದ್ದೆ. ಗಾಡಿಗೆ ಜೋರು ಬರುತ್ತಿತ್ತು. ಪೂರ್ತಿ ಉರಿಯದ ಡೀಸೆಲ್ ಕರೀ ಹೊಗೆಯಾಗಿ ಮೇಲೇಳುತ್ತಿತ್ತು. ನಮ್ಮ ಕಡೆಯ ಆಪರೇಟರ್‌ಗಳಿಗೆ ಹೊಗೆ ಕಪ್ಪಗಿದ್ದಷ್ಟೂ ಗಾಡಿಗೆ ದಮ್ಮು ಹೆಚ್ಚು. ತೆಳ್ಳಗಿನ ಹೊಗೆಯ ಗಾಡಿಯನ್ನು ಮುದುಕ ಅಂತ ಕರೆದು ನಗುತ್ತಾರೆ. ಕೆಲಸ ಮುಗಿದ ಮೇಲೆ ಪಂಪಿನ ತಲೆಗೆ ಹಳದಿ ಬಣ್ಣದ ಒಂದು ಬೊಟ್ಟು ಇಡುವುದು ನನ್ನ ರೂಢಿ. ದೂರದ ಕೆಲಸದವರು ಪದೇ ಪದೇ ಅಂಗಡಿಗೆ ಬರುವುದು ಬೇಡವೆಂದು, ತಾವೇ ತಿರುಗಿಸಿಕೊಳ್ಳುವುದನ್ನೂ ಹೇಳಿಕೊಡುತ್ತಿದ್ದೆ. ವಿದ್ಯೆ ಮುಚ್ಚಿಡುವವನಲ್ಲ ನಾನು ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದೇ ತಿರುಗಿದ್ದು. ಥೂ, ನನ್ನ ಬುದ್ಧಿಗಿಷ್ಟು!

ಶಾಂತಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹೋದ ತಿಂಗಳು ನನ್ನ ಅಂಗಡಿಗೆ ಬಂದು, ಕೂರಿ ಅಂದರೂ ಕೂರದೆ, ನಿಂತೇ ಮಾತಾಡಿದಳು. "ದಾವಣಗೆರೆ ಡಾಕ್ಟ್ರು ಎದೆ ಫೋಟೋ ತೆಗೆಸಿ ನೋಡಿದ್ರು. ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ ಅಂತ ಕೇಳಿದ್ರು. ನಮ್ಮನೆಯವ್ರು ಬೀಡಿ ಕೈಯಾಗೆ ಹಿಡಿದೋರಲ್ಲ. ಹಂಗಾದ್ರೆ ಇದು ಯಾರ ಹೊಗೆ ಅಂತ ಕೇಳಿದ್ರು. ನಂಗೆ ಗೊತ್ತಿತ್ತು, ಅಲ್ಲಿ ಹೇಳ್ಲಿಲ್ಲ. ಗಾಡಿ ಪಂಪಿನ ಮ್ಯಾಲೆ ನಿಮ್ಮ ಹಳದಿ ಬೊಟ್ಟು ಐತೆ." ಶ್ವಾಸಕೋಶ ಹೋದಷ್ಟು ಹೋಯಿತು, ಇನ್ನೊಂದು ಚಳಿಗಾಲ ಆ ಹೊಗೆಯೊಳಗೆ ಕೂತರೆ ಉಳಿದದ್ದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನನಗೆ ರೇಗಿಹೋಯಿತು. ಗಾಡಿ ನಂದಲ್ಲ, ಮಾಲೀಕರನ್ನು ಕೇಳಿಕೋ ಅಂದುಬಿಟ್ಟೆ. ಆಕೆ ಹೋದಳು. ಆದರೆ "ಯಾರ ಹೊಗೆ" ಅನ್ನುವ ಮಾತು ಅಂಗಡಿಯಲ್ಲೇ ಉಳಿಯಿತು. ವಾರ ಕಳೆದ ಮೇಲೆ ನಾನೇ ಅವಳ ಮನೆ ಹುಡುಕಿಕೊಂಡು ಹೋಗಿ, ಬರ್ತೀನಿ ನಡೆಯಮ್ಮ ಅಂದೆ.

ಹನುಮಂತಪ್ಪ ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೆ ಹೆಂಡತಿ ಔಷಧಿಯ ಮಾತು ತೆಗೆಯುತ್ತಾಳೆಂದು ಭಯ. ಮಾಲೀಕರು ಅವಳ ನಂಬರನ್ನೇ ಬ್ಲಾಕ್ ಮಾಡಿದ್ದರು. ಕೊನೆಯ ಸಲ ಮಾತಾಡಿದಾಗ ಉಬ್ರಾಣಿ ಕಡೆ ಕೆರೆ ಹೂಳೆತ್ತುವ ಕೆಲಸ ಅಂದಿದ್ದನಂತೆ. ಹಾಗಾಗಿ ಮೊದಲು ಉಬ್ರಾಣಿಯ ಸರ್ಕಾರಿ ಬಸ್ಸು ಹತ್ತಿದೆವು. ಶಾಂತಮ್ಮ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ತಗೊಂಡಳು, ನಾನು ದುಡ್ಡು ಕೊಟ್ಟು ತಗೊಂಡೆ. "ಯಜಮಾನ್ರೆ, ಒಂದು ಸೀರೆ ಉಟ್ಕೊಂಡು ಬಂದಿದ್ರೆ ಉಳೀತಿತ್ತಲ್ರಿ" ಅಂತ ಕಂಡಕ್ಟರ್ ಕಿಚಾಯಿಸಿದ. ಬಸ್ಸೆಲ್ಲ ನಕ್ಕಿತು. ಶಾಂತಮ್ಮ ನಗಲಿಲ್ಲ.

ಉಬ್ರಾಣಿಯಲ್ಲಿ ಇಳಿದು ಕೆರೆಯವರೆಗೆ ಅರ್ಧ ಗಂಟೆ ನಡೆದೆವು. ಮಳೆ ಹೋಗಿ ಹದಿನೈದು ದಿನವಾಗಿತ್ತು, ಬಿಸಿಲು ಚುರುಕಾಗಿತ್ತು. ಕೆರೆಯ ಒಣ ಅಂಗಳದಲ್ಲಿ ಒಂದು ಯಂತ್ರ ನಿಂತಿತ್ತು. ದೂರದಿಂದ ನೋಡಿ ಶಾಂತಮ್ಮ ಓಡುವಂತೆ ನಡೆದಳು. ಹತ್ತಿರ ಹೋದರೆ ಅದು ಬೇರೆ ಗಾಡಿ. ಹನುಮಂತಪ್ಪನ ಗಾಡಿಯ ಮುಂದಿನ ಗಾಜಿಗೆ ಬುದ್ಧನ ಒಂದು ಸಣ್ಣ ಸ್ಟಿಕ್ಕರ್ ಇದೆ, ಅವರ ಮನೆಯವರು ಬುದ್ಧನನ್ನು ನಂಬುವವರು. ಇದರ ಗಾಜು ಬೋಳಾಗಿತ್ತು.

ಮೂವರು ಗಂಡಸರು ಅದರ ನೆರಳಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಎಂಜಿನ್ ಮಾತ್ರ ಗುಡುಗುಡು ನಡೆಯುತ್ತಲೇ ಇತ್ತು. ಕೊಳವೆಯ ಹೊಗೆ ಗಾಳಿಗೆ ಬಾಗಿ ಅವರ ತಟ್ಟೆಯ ಮೇಲೆಯೇ ಇಳಿಯುತ್ತಿತ್ತು. ಉಣ್ಣುವಾಗಲಾದರೂ ಆರಿಸಬಾರದೇನ್ರಪ್ಪ ಎಂದು ನಾನೇ ಮೇಲೆ ಹತ್ತಿ ಕೀಲಿ ತಿರುಗಿಸಿದೆ. ಒಮ್ಮೆಲೇ ಕೆರೆ ನಿಶ್ಶಬ್ದವಾಯಿತು. ಮೂವರೂ ತಟ್ಟೆ ಬಿಟ್ಟು ಎದ್ದರು.

"ಯಾರ್ರೀ ನೀವು? ಬ್ಯಾಟ್ರಿ ಸತ್ತೈತೆ! ಬೆಳಿಗ್ಗೆ ಒಂದ್ಸಲ ಹಚ್ಚಿದ್ರೆ ಸಾಯಂಕಾಲದ ತನಕ ಆರ್ಸಂಗಿಲ್ಲ. ಈಗ ಯಾರು ಸ್ಟಾರ್ಟ್ ಮಾಡ್ತಾರೆ, ನಿಮ್ಮಪ್ಪ ಬರ್ತಾನಾ?"

ಹಳೆಯ ಬ್ಯಾಟರಿ ಬದಲಿಸದೆ ದಿನವಿಡೀ ಎಂಜಿನ್ ಉರಿಸಿಕೊಂಡೇ ಇರುವುದು ನಮ್ಮ ಕಡೆಯ ಹಳೇ ಚಾಳಿ. ಗೊತ್ತಿದ್ದೂ ಕೈ ಹಾಕಿದ್ದು ನನ್ನ ತಪ್ಪು. ಅಷ್ಟರಲ್ಲಿ ಅವರಲ್ಲೊಬ್ಬ ನನ್ನ ಗುರುತು ಹಿಡಿದ. "ಲೇ, ಪಂಪ್ ಮೇಸ್ತ್ರಿ ಕಣ್ರೋ!" ಎಂದದ್ದೇ ತಡ, ಬೈಗುಳ ನಿಂತುಹೋಯಿತು. ನನಗೊಂದು ಗೋಣಿಚೀಲ ಹಾಸಿ ಕೂರಿಸಿದರು. ಬಂದದ್ದು ದೇವರು ಬಂದಂಗಾಯ್ತು, ನಮ್ಮ ಗಾಡಿಗೂ ಒಂದು ಮುಕ್ಕಾಲು ಸುತ್ತು ಏರಿಸಿಕೊಟ್ಟು ಹೋಗಿ ಎಂದು ದುಂಬಾಲು ಬಿದ್ದರು. ಏರಿಸಾಕೆ ಬಂದಿಲ್ಲ, ಇಳಿಸಾಕೆ ಬಂದೀನಿ ಅಂದರೆ ತಮಾಷೆ ಅಂದುಕೊಂಡು ನಕ್ಕರು.

ಶಾಂತಮ್ಮ ಅವರ ತಟ್ಟೆ ನೋಡುತ್ತ ಅಂದಳು: "ದಿನಾ ಇನ್ನೂರು ಮಕ್ಕಳಿಗೆ ಅಡಿಗೆ ಮಾಡ್ತೀನಿ. ಉಣ್ಣಾಕೆ ಕೂತಾಗ ಒಲೆ ಆರ್ಸಿ ಕೂತ್ಕೋತೀವಿ ನಾವು." ನಾನು ಅವರನ್ನೇ ವಿಚಾರಿಸಿದೆ. ಹನುಮಂತಪ್ಪನ ಗಾಡಿ ಎಂಟು ದಿನದ ಹಿಂದೆಯೇ ಸಾಸ್ವೆಹಳ್ಳಿ ಕಡೆ ಹೋಯಿತು ಎಂದು ಗೊತ್ತಾಯಿತು. ಊರಿಂದ ಟ್ರ್ಯಾಕ್ಟರ್ ತರಿಸಿ, ಅದರ ಬ್ಯಾಟರಿಗೆ ವಯರ್ ಕೊಟ್ಟು ಆ ಗಾಡಿ ಸ್ಟಾರ್ಟ್ ಮಾಡುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಸ್ಟಾರ್ಟ್ ಆದ ಕೂಡಲೇ ಅದು ಇಷ್ಟೊತ್ತಿನ ಸಿಟ್ಟನ್ನೆಲ್ಲ ಒಂದೇ ಸಲಕ್ಕೆ ನಮ್ಮ ಮೇಲೆ ಉಗುಳಿತು. ಕೆಮ್ಮುತ್ತ ಚನ್ನಗಿರಿಗೆ ವಾಪಸ್ ಬಂದೆವು.

ಮಂಗಳವಾರ ಸಾಸ್ವೆಹಳ್ಳಿಗೆ ಖಾಸಗಿ ಬಸ್ಸು ಸಿಕ್ಕಿತು. ಅದರಲ್ಲಿ ಹೆಂಗಸರಿಗೂ ಟಿಕೆಟ್ ಇದೆ. ನಾನು ಕೊಡ್ತೀನಿ ಅಂದರೆ ಶಾಂತಮ್ಮ ಬಿಡಲಿಲ್ಲ. "ನಿಮ್ಮ ಋಣ ಈಗ ಇರೋದೇ ಸಾಕು" ಅಂದಳು. ಚುಚ್ಚಿ ಅಂದಳೋ ಸುಮ್ಮನೆ ಅಂದಳೋ, ನನಗಂತೂ ಚುಚ್ಚಿತು. ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಸಾಸ್ವೆಹಳ್ಳಿಯಲ್ಲಿ ಪೈಪು ಹೂಳುವ ಕಾಲುವೆ ತೋಡಿ ಮುಗಿದಿತ್ತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಗದ್ದೆ ಹಸಿರಾಗಿತ್ತು, ಮನಸ್ಸಿಗೆ ಹಿತವಾಗಬೇಕಾದ ಜಾಗ. ಗಾಡಿ ಮಾತ್ರ ಇರಲಿಲ್ಲ. ನಾಲ್ಕು ದಿನದ ಹಿಂದೆ ಟ್ರೇಲರ್ ಮೇಲೆ ಹೇರಿಕೊಂಡು ಸವಳಂಗಕ್ಕೆ ಹೋದರಂತೆ. ಹನುಮಂತಪ್ಪ ಬಾಡಿಗೆಗಿದ್ದ ಕೋಣೆ ಬಸ್ ನಿಲ್ದಾಣದ ಹಿಂದೆಯೇ ಇತ್ತು. ಮನೆಯೊಡತಿ ರತ್ನಮ್ಮ, ಅರವತ್ತು ದಾಟಿದವಳು, ನಾವು ಯಾರೆಂದು ತಿಳಿದ ಕೂಡಲೇ ಶಾಂತಮ್ಮನ ಕೈ ಹಿಡಿದುಕೊಂಡು ಒಳಗೆ ಕರೆದಳು.

"ಒಳ್ಳೆ ಮನುಷ್ಯ ಕಣಮ್ಮ. ಕೆಮ್ಮಿದ್ರೆ ನಮಗೆ ನಿದ್ದೆ ಕೆಡ್ತೈತೆ ಅಂತ ಬಾಯಿಗೆ ಟವಲ್ ಒತ್ಕೊಂಡು ಕೆಮ್ಮೋರು. ಮಲಗಿದ್ರೆ ಉಸಿರು ಹತ್ತಂಗಿಲ್ಲ ಅಂತ ಕೂತೇ ನಿದ್ದೆ ಮಾಡೋರು."

ಕೋಣೆ ತೋರಿಸಿದಳು. ಸುಣ್ಣ ಹೊಡೆದ ಗೋಡೆ. ಚಾಪೆ ಹಾಸುವ ಜಾಗದ ಮೇಲೆ, ಕೂತ ಮನುಷ್ಯನ ಬೆನ್ನು ತಲೆ ತಾಗುವಷ್ಟು ಎತ್ತರಕ್ಕೆ, ಕಪ್ಪು ಕಲೆ. ಎಷ್ಟು ಸ್ನಾನ ಮಾಡಿದರೂ ಕೂದಲಲ್ಲಿ ಚರ್ಮದಲ್ಲಿ ಉಳಿದ ಹೊಗೆಯ ಮಸಿ ಅದು. ತಲೆಯ ಗುಂಡು ಗುರುತೂ ಸ್ಪಷ್ಟವಾಗಿ ಕಾಣುತ್ತಿತ್ತು. ಶಾಂತಮ್ಮ ಸೆರಗಿನ ತುದಿ ನೀರಲ್ಲಿ ಅದ್ದಿ ಒರೆಸಿದಳು. ಮಸಿ ಇನ್ನಷ್ಟು ಹರಡಿತು. ಬಿಡಮ್ಮ, ಹಬ್ಬಕ್ಕೆ ಸುಣ್ಣ ಹೊಡಿತೀವಿ ಅಂತ ರತ್ನಮ್ಮ ಎಷ್ಟು ಹೇಳಿದರೂ ಆಕೆ ಒರೆಸುವುದು ನಿಲ್ಲಿಸಲಿಲ್ಲ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಮೂವತ್ತು ವರ್ಷ ನಾನು ಮೇಲೆ ಹೋಗುವ ಹೊಗೆಯನ್ನಷ್ಟೇ ನೋಡಿದ್ದೆ. ಅದು ಎಲ್ಲಿ ಹೋಗಿ ಕೂರುತ್ತದೆಂದು ನೋಡಿರಲಿಲ್ಲ. ನಾಚಿಕೆಯಾಯಿತು. ಅಳು ಬಂತೆಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ, ಬಂತು.

ಆ ದಿನ ಹೊನ್ನಾಳಿಯಲ್ಲಿ ಉಳಿದೆವು. ಶಾಂತಮ್ಮನಿಗೆ ಅಲ್ಲಿ ಚಿಕ್ಕಮ್ಮನ ಮಗಳ ಮನೆಯಿದೆ. ನಾನು ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಮಲಗಿದೆ. ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತರಿಸಿಕೊಂಡೆ. ಅರ್ಧ ಬಿಟ್ಟೆ.

ಬುಧವಾರ ಹೊನ್ನಾಳಿಯಿಂದ ನ್ಯಾಮತಿ, ನ್ಯಾಮತಿಯಿಂದ ಸವಳಂಗ. ದಾರಿಯುದ್ದಕ್ಕೂ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿದ್ದರು. ಉಳಿದರ್ಧದಲ್ಲಿ ಬಸ್ಸು ಬಳುಕುತ್ತ ಹೋಗುತ್ತಿತ್ತು. ನ್ಯಾಮತಿ ದಾಟಿದ ಮೇಲೆ ರಸ್ತೆ ಅಗಲ ಮಾಡುತ್ತಿದ್ದ ಒಂದು ಕಡೆ ನಾಲ್ಕಾರು ಯಂತ್ರಗಳು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದವು. ಅಲ್ಲಿನ ಜೋಳದ ರಾಶಿಯ ಹಳದಿಯೇ ಮಂಕಾಗಿತ್ತು. ಒಬ್ಬ ಹೆಂಗಸು ಕಾಳು ಮುಚ್ಚಲು ತಾಡಪಾಲು ಎಳೆಯುತ್ತಿದ್ದಳು. ಮೋಡ ಒಂದೂ ಇರಲಿಲ್ಲ. ಮಳೆಗಲ್ಲ, ಹೊಗೆಗೆ ಹೆದರಿ ಮುಚ್ಚುತ್ತಿದ್ದಳು.

ಸವಳಂಗದಲ್ಲಿ ನನ್ನ ಹಳೆಯ ಶಿಷ್ಯ ಫಯಾಜ್‌ನ ಅಂಗಡಿಯಿದೆ. ಏಳು ವರ್ಷ ನನ್ನ ಹತ್ತಿರ ಕಲಿತವನು, ಈಗ ನಲವತ್ತು ದಾಟಿದ್ದಾನೆ, ಕೈಕೆಳಗೆ ಮೂವರು ಕೆಲಸಗಾರರಿದ್ದಾರೆ. ನನ್ನನ್ನು ಕಂಡದ್ದೇ "ಉಸ್ತಾದ್!" ಎಂದು ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಲು ಮುಟ್ಟಲು ಬಂದ. ಅಂಗಳದಲ್ಲಿ ಮೂರು ಯಂತ್ರಗಳು ನಿಂತಿದ್ದವು. ಮೂರರ ಪಂಪಿನ ಮೇಲೂ ಹಳದಿ ಬೊಟ್ಟು. ನಾನಿಟ್ಟದ್ದಲ್ಲ.

"ನಿಮ್ಮ ನೆನಪಿಗೆ ಇಡ್ತೀನಿ ಉಸ್ತಾದ್. ಬೊಟ್ಟು ನೋಡಿದ್ರೆ ಗಿರಾಕಿಗೆ ಭರವಸೆ."

ಹನುಮಂತಪ್ಪನ ಗಾಡಿ ಇಲ್ಲಿಗೆ ಬಂದಿತ್ತಾ ಎಂದು ಕೇಳಿದೆ.

"ಬಂದಿತ್ತು. ನಿನ್ನೆ ಬೆಳಿಗ್ಗೆ ಜಗಳೂರಿಗೆ ಹೋತು. ಅಲ್ಲಿ ಬಂಡೆ ಕೆಲ್ಸ ಐತೆ, ಜೋರು ಸಾಲಲ್ಲ ಅಂದ್ರು. ನಿಮ್ಮ ಮುಕ್ಕಾಲಿನ ಮ್ಯಾಲೆ ಇನ್ನೊಂದು ಕಾಲು ಸುತ್ತು ಏರಿಸಿ ಕಳಿಸಿದೀನಿ. ಈಗ ನೋಡ್ಬೇಕು ನೀವು, ಏನ್ ಹೊಗೆ ಅಂತೀರಿ!"

ನಾನು ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ, ಎತ್ತಿದ ಕೈ ಹಾಗೇ ನಿಂತಿತು. ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ: "ನೀವು ಕಲ್ಸಿದ್ದನ್ನೇ ಮಾಡಿದೀನಿ ಉಸ್ತಾದ್. ಇಳ್ಸೋದು ನೀವು ಯಾವತ್ತೂ ಕಲ್ಸಿಲ್ಲ."

ನಾನು ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕೂತೆ. ಶಾಂತಮ್ಮ ಅವನಿಗೆ ಎಲ್ಲವನ್ನೂ ಹೇಳಿದಳು, ಡಾಕ್ಟರು ಹೇಳಿದ್ದು, ರತ್ನಮ್ಮನ ಮನೆಯ ಗೋಡೆ, ಎಲ್ಲ. ಗಾಡಿಯ ಬಾಗಿಲ ಗಾಜು ಒಡೆದು ಎರಡು ವರ್ಷವಾಯಿತು, ಹೊಗೆ ನೇರ ಮುಖಕ್ಕೇ ನುಗ್ಗುತ್ತದೆ ಎಂದಾಗ ಫಯಾಜ್ ಎದ್ದು ಒಳಗೆ ಹೋದ. ಗುಜರಿ ಸಾಮಾನಿನ ನಡುವಿನಿಂದ ಒಂದು ಬಾಗಿಲ ಗಾಜು ಹುಡುಕಿ ತಂದು, ಒರೆಸಿ, ಗೋಣಿಚೀಲ ಸುತ್ತಿ ಶಾಂತಮ್ಮನ ಮುಂದಿಟ್ಟ. ಟ್ರೇಲರ್ ಡ್ರೈವರನಿಗೆ ಫೋನ್ ಮಾಡಿ ಜಗಳೂರಿನ ಯಾವ ರಸ್ತೆ, ಯಾವ ತಿರುವು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಟ್ಟ. ನಾನು ಹೊರಡುವಾಗ ಅಂಗಳದ ಮೂರು ಯಂತ್ರಗಳನ್ನು ತೋರಿಸಿ ಇವನ್ನಾದರೂ ಇಳಿಸೋ ಅಂದೆ. "ಗಿರಾಕಿ ಒಪ್ಪಿದ್ರೆ ಇಳಿಸ್ತೀನಿ" ಅಂದ. ಒಪ್ಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಗಾಜು ಹೊತ್ತುಕೊಂಡು ನಾವು ಮೂರು ಬಸ್ಸು ಬದಲಿಸಿದೆವು. ಹೊನ್ನಾಳಿಯಲ್ಲಿ ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಿದ. ದಾವಣಗೆರೆ ಬಸ್ಸಲ್ಲಿ ಒಬ್ಬಾಕೆ ಮಗಳ ಮನೆಗೆ ಕನ್ನಡಿಯಾ ಎಂದು ಕೇಳಿದಳು. "ಹ್ಞೂಂ, ಗಂಡನ ಮನೆಗೆ" ಅಂದಳು ಶಾಂತಮ್ಮ. ನಾಲ್ಕು ದಿನದಲ್ಲಿ ಆಕೆ ಮಾಡಿದ ತಮಾಷೆ ಅದೊಂದೇ. ದಾವಣಗೆರೆಯಲ್ಲಿ ಆಕೆಯ ನೆಂಟರ ಮನೆಯಲ್ಲಿ ತಂಗಿ, ಗುರುವಾರ ಬೆಳಿಗ್ಗೆ ಜಗಳೂರಿನ ಮೊದಲ ಬಸ್ಸು ಹಿಡಿದೆವು.

ಜಗಳೂರಿನ ಕಡೆ ನೆಲದ ಬಣ್ಣವೇ ಬೇರೆ. ಕೆಂಪು ಮಣ್ಣು, ಕಲ್ಲುಗುಡ್ಡ, ಶೇಂಗಾ ಕಿತ್ತ ಹೊಲಗಳು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಚೀಟಿಯಲ್ಲಿ ಬರೆದಂತೆ ಊರಿಗೆ ಒಂದೆರಡು ಮೈಲಿ ಮೊದಲೇ ಬಸ್ಸಿಳಿದು, ಎಡಗಡೆಯ ಮಣ್ಣುದಾರಿ ಹಿಡಿದೆವು. ದಾರಿ ಕೇಳುವ ಅಗತ್ಯ ಬರಲಿಲ್ಲ. ಗುಡ್ಡದ ಪಕ್ಕದಿಂದ ಹೊಗೆ ಏಳುತ್ತಿತ್ತು. ಅಂಥ ಕಪ್ಪು ಹೊಗೆ ಬಿಡಿಸುವ ಪಂಪು ನಮ್ಮ ಕಡೆ ಯಾರು ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ?

ಹನುಮಂತಪ್ಪ ನಮ್ಮನ್ನು ನೋಡಿ ಎಂಜಿನ್ ಆರಿಸಿದ. ನಲವತ್ತಾರು ವರ್ಷದವನು, ಎತ್ತರದ ಆಳು, ಮೊದಲು ನನ್ನ ಅಂಗಡಿಗೆ ಬಂದಾಗ ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಿದ್ದ. ಈಗ ಗಾಡಿಯಿಂದ ಇಳಿಯುವ ಮೂರು ಮೆಟ್ಟಿಲಿಗೆ ಎರಡು ಸಲ ನಿಂತ. ನೆಲಕ್ಕೆ ಬಂದವನೇ ಹೆಂಡತಿಯ ಮುಖ ನೋಡದೆ ಗಾಜಿನ ಗಂಟು ನೋಡಿದ.

"ಇದೇನೇ ಇದು?"

"ಔಷಧಿ ಬಿಟ್ಟು ಬಂದ್ರಲ್ಲ, ಕೊಡಾಕೆ ಬಂದೀನಿ."

"ನಾಲ್ಕು ಜನದ ಮುಂದೆ ಅದನ್ನ ಬಾಯಿಗಿಟ್ಕೊಂಡು ಎಳಿಯಾಕಾಗಲ್ಲ ಶಾಂತಿ. ಇವ್ನಿಗೆ ದಮ್ಮಿಲ್ಲ ಅಂತಾರೆ. ಗಾಡಿ ಬ್ಯಾರೆಯೋರಿಗೆ ಕೊಡ್ತಾರೆ."

"ಗಾಡಿಗೆ ದಮ್ಮೈತೆ, ನಿಮಗಿಲ್ಲ. ಎಲ್ಲಾ ಅದೇ ತಗೊಂಡೈತೆ" ಅಂದಳು ಶಾಂತಮ್ಮ. ಅವನು ಇನ್‌ಹೇಲರ್ ಇಸಿದುಕೊಂಡ. ಗಾಡಿಯ ಹಿಂದೆ, ಯಾರಿಗೂ ಕಾಣದ ಕಡೆ ಹೋಗಿ ಔಷಧಿ ಎಳೆದುಕೊಂಡು ಬಂದ. ಸ್ವಲ್ಪ ಹೊತ್ತಿಗೆ ಅವನ ಉಸಿರಿನ ಶಿಳ್ಳೆ ತಗ್ಗಿತು.

ನಾನು ಕೆಲಸ ಶುರು ಮಾಡಿದೆ. ಏರ್ ಫಿಲ್ಟರ್ ತೆಗೆದರೆ, ಕಾಗದದ ಫಿಲ್ಟರನ್ನು ಡೀಸೆಲ್ಲಿನಲ್ಲಿ ತೊಳೆದು ಮತ್ತೆ ಹಾಕಿದ್ದರು, ಗಾಳಿಯೇ ಒಳಗೆ ಹೋಗದಷ್ಟು ಮೆತ್ತಿಕೊಂಡಿತ್ತು. ಹನುಮಂತಪ್ಪನನ್ನೇ ಬೈಕಿನಲ್ಲಿ ಊರಿಗೆ ಕಳಿಸಿ ಹೊಸದು ತರಿಸಿ ಹಾಕಿದೆ. ಬಾಗಿಲಿಗೆ ಫಯಾಜ್ ಕೊಟ್ಟ ಗಾಜು ಕೂರಿಸಿದೆ. ಕೊನೆಗೆ ಪಂಪಿಗೆ ಬಂದೆ. ಹಳದಿ ಬೊಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ನಟ್ಟು ಸಡಿಲಿಸಿ, ಫಯಾಜನ ಕಾಲು ಸುತ್ತು, ನನ್ನ ಮುಕ್ಕಾಲು ಸುತ್ತು, ಒಟ್ಟು ಒಂದು ಸುತ್ತು ಇಳಿಸಿ, ನಟ್ಟು ಬಿಗಿದು, ತಂತಿ ಕಟ್ಟಿ ಸೀಲು ಒತ್ತಿದೆ. ಹನುಮಂತಪ್ಪ ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಆರು ವರ್ಷದ ಹಿಂದೆ ಅಂಗಡಿಯಲ್ಲಿ ತಿರುಗಿಸುವುದನ್ನು ಹೇಳಿಕೊಟ್ಟಾಗಲೂ ಹೀಗೆಯೇ ಕಣ್ಣಿಟ್ಟು ನೋಡಿದ್ದ.

ಸ್ಟಾರ್ಟ್ ಮಾಡಿದಾಗ ಹೊಗೆ ಬೂದಿ ಬಣ್ಣಕ್ಕೆ ತಿರುಗಿ, ಆಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಯಿತು. ಶಾಂತಮ್ಮ ಕೊಳವೆಯನ್ನೂ ಆಕಾಶವನ್ನೂ ನೋಡುತ್ತ ನಿಂತಿದ್ದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ನನಗೂ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಆಗ ಕೆಲಸದ ಸೂಪರ್‌ವೈಸರ್ ಬಂದ. ಬೈಯಲಿಲ್ಲ, ಕೂಗಾಡಲಿಲ್ಲ. ಯಂತ್ರದ ಹಲ್ಲು ಬಂಡೆಯ ಸಂದಿಗೆ ಸಿಕ್ಕಿ ಎಂಜಿನ್ ಮುಲುಗುವುದನ್ನು ಎರಡು ಸಲ ನೋಡಿದ. "ಗಾಡಿ ಮುದುಕ ಆತೇನೋ ಹನುಮಂತಪ್ಪ?" ಎಂದು ನಕ್ಕು ಹೋದ. ಹನುಮಂತಪ್ಪನೂ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

"ನಿಧಾನಕ್ಕೆ ಮಾಡಪ್ಪ, ಬಂಡೆ ಎಲ್ಲಿಗೂ ಓಡಿಹೋಗಲ್ಲ" ಅಂದೆ.

"ಆತು ಬಿಡ್ರಿ ಮೇಸ್ತ್ರಿ. ನಿಧಾನಕ್ಕೇ ಮಾಡ್ತೀನಿ. ನೀವು ಇಷ್ಟು ದೂರ ಬಂದೀರಿ."

ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ, ಸ್ಕ್ರೂ ಮುಟ್ಟುವುದಿಲ್ಲ, ಔಷಧಿ ತಪ್ಪಿಸುವುದಿಲ್ಲ ಎಂದು. ರೊಟ್ಟಿಯ ಡಬ್ಬಿ ಅವನಿಗೇ ಕೊಟ್ಟು ಹೊರಟೆವು. ಹಿಂದಿರುಗಿ ನೋಡಿದಾಗ ಹೊಸ ಗಾಜಿನ ಬಾಗಿಲನ್ನು ಹಿಂದಕ್ಕೆ ತೆರೆದು ತಂತಿಯಿಂದ ಕಟ್ಟುತ್ತಿದ್ದ. ಒಳಗೆ ಬೇಯ್ತಾ ಐತೆ ಎಂದು ಕೈಸನ್ನೆ ಮಾಡಿದ. ಆ ಬಿಸಿಲಿಗೆ ಅವನನ್ನು ದೂರುವಂತಿರಲಿಲ್ಲ.

ಡಾಂಬರು ರಸ್ತೆಗೆ ಬಂದು ಮರವೊಂದರ ಕೆಳಗೆ ಕೂತೆವು. ಬಸ್ಸು ಬರುವುದು ಮುಕ್ಕಾಲು ಗಂಟೆ ತಡವಾಯಿತು. ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದೆವು. ಬಸ್ಸು ಗುಡ್ಡದ ಬಳಸು ತಿರುಗುವಾಗ ಕೆಲಸದ ಜಾಗ ಮತ್ತೆ ಕಾಣಿಸಿತು. ಮೊದಲು ಕಂಡದ್ದು ನನಗೆ. ನೋಡದವನಂತೆ ಮುಖ ತಿರುಗಿಸಿದೆ. ಅಷ್ಟರಲ್ಲಿ ಶಾಂತಮ್ಮ ಕಿಟಕಿಯ ಸರಳು ಹಿಡಿದಾಗಿತ್ತು.

ಕಪ್ಪು ಹೊಗೆ. ಬೆಳಿಗ್ಗೆ ಕಂಡದ್ದೇ. ಒಂದು ಚೂರೂ ಕಡಿಮೆಯಿಲ್ಲ.

"ಅದು ಬ್ಯಾರೆ ಗಾಡಿ ಇರ್ಬೌದಲ್ರೀ?"

ಹೌದು ಅನ್ನಬಹುದಿತ್ತು. "ಅಲ್ಲಿ ಇನ್ನೊಂದು ಗಾಡಿ ಇಲ್ಲಮ್ಮ" ಅಂದೆ.

"ಅವ್ರಿಗೆ ಹೆಂಗೆ ಬರ್ತೈತೆ ತಿರುಗ್ಸಾಕೆ?"

"ನಾನೇ ಕಲಿಸಿದ್ದೆ."

ಆಕೆ ಅಳುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ಹೊಗೆ ಕಾಣುವಷ್ಟು ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಚೀಲದಿಂದ ನೀರಿನ ಬಾಟಲಿ ತೆಗೆದು ನನ್ನ ಮುಂದೆ ಹಿಡಿದಳು.

"ಇದು ಪಂಪು ಅನ್ಕೋರಿ. ಯಾವ ಕಡೆ ತಿರುಗ್ಸಿದ್ರೆ ಇಳಿತೈತೆ? ನಂಗೆ ಕಲಿಸ್ರಿ."

"ನಿನಗ್ಯಾಕಮ್ಮ ಅದೆಲ್ಲ..."

"ಅವ್ರು ಏರಿಸ್ತಾರಲ್ಲ, ನಾನು ಇಳಿಸ್ತೀನಿ. ದಿನಾ ಏರಿಸಿದ್ರೆ ದಿನಾ ಇಳಿಸ್ತೀನಿ."

"ಸೋಮವಾರ ಶಾಲೆ ಶುರು ಅಲ್ವಾ?"

"ಮಕ್ಕಳಿಗೆ ಇನ್ನೊಬ್ಬಾಕೆ ಅಡಿಗೆ ಮಾಡ್ತಾಳೆ. ಇವ್ರಿಗೆ ಇನ್ನೊಬ್ರಿಲ್ಲ."

ಕಲಿಸಿದೆ. ಸೀಲಿನ ತಂತಿ ಇದ್ದರೆ ಮೊದಲು ಅದನ್ನು ಕತ್ತರಿಸು. ಹದಿಮೂರರ ಸ್ಪ್ಯಾನರಿನಿಂದ ನಟ್ಟು ಸಡಿಲಿಸು. ಬಾಟಲಿ ಬಿಚ್ಚುವ ಕಡೆ ಸ್ಕ್ರೂ ತಿರುಗಿಸು, ಒಂದು ಸುತ್ತು. ಸ್ಕ್ರೂ ಅಲುಗದಂತೆ ಹಿಡಿದು ನಟ್ಟು ಬಿಗಿ. ಬಸ್ಸಿನ ಕುಲುಕಾಟದಲ್ಲಿ ಆಕೆ ಬಾಟಲಿಯ ಮುಚ್ಚಳ ಹಿಡಿದು ಮೂರು ಸಲ ಮಾಡಿ ತೋರಿಸಿದಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ಸರಿಯಾಯಿತು. ಮೂರನೆಯ ಸಲ ನನ್ನ ಮುಖ ನೋಡದೆಯೇ ಮಾಡಿದಳು. ಏಳು ವರ್ಷ ಕಲಿತ ಫಯಾಜನಿಗೆ ಹೇಳಿಕೊಡದ್ದನ್ನು ನಾನು ಅಡುಗೆ ಮಾಡುವ ಹೆಂಗಸಿಗೆ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಹೋಗುವಷ್ಟರಲ್ಲಿ ಹೇಳಿಕೊಟ್ಟೆ.

ಮುಂದಿನ ಹಳ್ಳಿಯಲ್ಲಿ ಆಕೆ ಎದ್ದು ನಿಂತಳು. ಸ್ಪ್ಯಾನರ್, ಸ್ಕ್ರೂಡ್ರೈವರ್ ಕೊಟ್ಟೆ. ನಾನೂ ಬರ್ತೀನಿ ಎಂದು ಎದ್ದೆ. ಆಕೆ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು.

"ನೀವು ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರೆ ಎಲ್ರೂ ಏರಿಸ್ರಿ ಅಂತಾರೆ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನಾನು ಹಿಂದಿನ ಸೀಟಿಗೆ ಹೋಗಿ ಗಾಜಿನಿಂದ ನೋಡಿದೆ. ಶಾಂತಮ್ಮ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು, ಸ್ಪ್ಯಾನರನ್ನು ಕೈಯಲ್ಲೇ ಹಿಡಿದುಕೊಂಡು, ಬಿಸಿಲಲ್ಲಿ ಬಂದ ದಾರಿಯನ್ನೇ ಹಿಡಿದು ನಡೆಯುತ್ತಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಆಕೆಯ ಮುಂದೆ, ಗುಡ್ಡದ ಮೇಲೆ, ಹೊಗೆ ಇನ್ನೂ ಕಪ್ಪಗೇ ಏಳುತ್ತಿತ್ತು.